ನಿಮ್ಮ ಯೆಮನ್ ಕಥೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ನಿಮ್ಮ ‘ಮರಳಲ್ಲಿ ಇಂಗಿದ ರಕ್ತ’ ಕಥೆ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇರೆಯವರಿಗಾದರೆ ‘ಸ್ಥಳಾವಕಾಶದ ಕೊರತೆ’ ಅಂತ ಒಂದು ಸಾಲು ಬರೆದು ಸುಮ್ನಾಗುತ್ತಿದ್ದೆ. ನಿಮಗೆ ಹಾಗೆ ಬರೆಯಲು ಮನಸ್ಸು ಬರಲಿಲ್ಲ. ಕಾರಣ ಕಥೆಯಲ್ಲ, ಅದರ ಜೊತೆ ಕಳಿಸಿದ ಪತ್ರದ ಒಂದು ಸಾಲು. ಆ ಸಾಲಿಗೆ ಆಮೇಲೆ ಬರುತ್ತೇನೆ.

ಮೊದಲು ಸಮುದ್ರದ ವಿಷಯ. ನಿಮ್ಮ ಫಾತಿಮಾ ಯೆಮನ್‌ನ ರಾಜಧಾನಿ ಸನಾ ನಗರದ ಮನೆಯ ತಾರಸಿಯಲ್ಲಿ ನಿಂತು ಸಮುದ್ರ ನೋಡುತ್ತಾಳೆ. ಕಾಲಡಿಯಲ್ಲಿ ಮರಳು, ದೂರದಲ್ಲಿ ಒಂಟೆ. ಸನಾ ಇರುವುದು 2,200 ಮೀಟರಿಗಿಂತ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಚಳಿಗಾಲದ ರಾತ್ರಿ ಗಡಗಡ ನಡುಗುವಷ್ಟು ಚಳಿ. ಹಳೇ ಊರಿನ ಮನೆಗಳು ಸುಟ್ಟ ಇಟ್ಟಿಗೆಯ ಐದಾರು ಅಂತಸ್ತಿನವು, ಕಿಟಕಿಗಳ ಸುತ್ತ ಬಿಳಿ ಜಿಪ್ಸಂ ಗೆರೆ, ಮೇಲೆ ಬಣ್ಣದ ಗಾಜು. ಸುತ್ತಲ ಬೆಟ್ಟಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ. ನಿಮಗೆ ಮರಳುಗಾಡು ಬೇಕಿತ್ತು, ಯೆಮನ್ ಅಂದ ತಕ್ಷಣ ಮರಳು ಸುರಿದುಬಿಟ್ಟಿರಿ. ಇರಲಿ, ಇದನ್ನು ಹತ್ತು ನಿಮಿಷದಲ್ಲಿ ತಿದ್ದಬಹುದು. ಹಾಗೇ, ಕನ್ನಡ ಕಥೆಗಳಲ್ಲಿ ಅರಬ್ ಹೆಂಗಸರಿಗೆಲ್ಲ ಫಾತಿಮಾ ಅಂತಲೇ ಯಾಕೆ ಹೆಸರಿಡುತ್ತಾರೋ ನನಗಂತೂ ಗೊತ್ತಿಲ್ಲ.

ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆಯನ್ನು ಎರಡನೇ ಪುಟದಲ್ಲಿ ತುರುಕಿದ್ದೀರಿ. ತೆಗೆಯಿರಿ. ಚಿಕ್ಕಮಗಳೂರಿನ ಯಾವ ಹೋಂಸ್ಟೇಗೆ ಹೋದರೂ ಆ ಕಥೆ ಗೋಡೆ ಮೇಲೆ ನೇತಾಡುತ್ತಿರುತ್ತದೆ.

ಈಗ ಬಸ್ಸಿನ ದೃಶ್ಯ. ನೀವು ಬಹಳ ಕಷ್ಟಪಟ್ಟು ಬರೆದಿರುವುದು ಇದನ್ನೇ ಅನ್ನಿಸಿತು. ‘ಆಕಾಶ ಬೆಂಕಿಯ ಮಳೆ ಸುರಿಸಿತು. ಎಳೆಯ ಮಕ್ಕಳು ಕೆಂಪು ಹೂಗಳಂತೆ ಉದುರಿದರು. ಪೈಲಟ್ ರಕ್ಕಸನಂತೆ ನಕ್ಕ.’ ಈ ಮೂರು ಸಾಲು ಓದಿ ನನಗೆ ಏನೂ ಆಗಲಿಲ್ಲ. ಕಲ್ಲು ಹೃದಯ ಅಂದುಕೊಳ್ಳಬೇಡಿ. ಹೂವು ಉದುರಿದರೆ ಯಾರಿಗೂ ನೋವಾಗುವುದಿಲ್ಲ, ಅಲ್ವಾ?

ನೀವು ಮನಸ್ಸಲ್ಲಿಟ್ಟುಕೊಂಡಿರುವುದು 2018ರ ಆಗಸ್ಟ್ 9ರ ಘಟನೆ ಅಂತ ಕಾಣುತ್ತದೆ. ಸಾದಾ ಪ್ರಾಂತ್ಯದ ದಹ್ಯಾನ್ ಎಂಬ ಊರು. ಬೇಸಿಗೆ ಶಾಲೆಯ ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಬಸ್ಸು ಸಂತೆ ಬೀದಿಯಲ್ಲಿ ನಿಂತಿತ್ತು. ಆಗ ಹೌತಿ ಬಂಡುಕೋರರ ವಿರುದ್ಧ ಯುದ್ಧ ಮಾಡುತ್ತಿದ್ದ, ಸೌದಿ ಅರೇಬಿಯಾ ಮುಂದಾಳತ್ವದ ಒಕ್ಕೂಟದ ವಿಮಾನ ಬಾಂಬು ಹಾಕಿತು. 40 ಮಕ್ಕಳು ಸತ್ತರು. ಸ್ವಲ್ಪ ಹೊತ್ತಿಗೆ ಮುಂಚೆ ಒಬ್ಬ ಹುಡುಗ ಫೋನಿನಲ್ಲಿ ವಿಡಿಯೊ ಮಾಡಿದ್ದ. ಅದರಲ್ಲಿ ಎಲ್ಲರೂ ಸೀಟಿಗಾಗಿ ತಳ್ಳಾಡುತ್ತಾ ಗಲಾಟೆ ಮಾಡುತ್ತಿದ್ದಾರೆ. ಆಮೇಲಿನ ಫೋಟೋಗಳಲ್ಲಿ ಯುನಿಸೆಫ್‌ನ ನೀಲಿ ಶಾಲಾ ಚೀಲಗಳು, ಧೂಳು ಮೆತ್ತಿಕೊಂಡು, ಸಾಲಾಗಿ. ನೀಲಿ ಚೀಲ ಅಂತ ಎರಡೇ ಪದ ಬರೆದಿದ್ದರೆ ಸಾಕಿತ್ತು. ಒಕ್ಕೂಟದವರು ಮೊದಲು ಇದನ್ನು ಕಾನೂನುಬದ್ಧ ಸೈನಿಕ ಕ್ರಮ ಅಂದರು, ಮೂರು ವಾರ ಕಳೆದ ಮೇಲೆ ತಪ್ಪಾಗಿದೆ ಅಂತ ಒಪ್ಪಿಕೊಂಡರು.

ಇನ್ನು ನಗುವ ಪೈಲಟ್. ಅವನು ನಕ್ಕನೋ ಇಲ್ಲವೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಮೆರಿಕದಲ್ಲಿ ತಯಾರಾದ ಬಾಂಬು ಅದು, ಸುಮಾರು 227 ಕಿಲೋ ತೂಕ. ಒಕ್ಕೂಟದ ವಿಮಾನಗಳಿಗೆ ಆಕಾಶದಲ್ಲೇ ಇಂಧನ ತುಂಬುವ ಕೆಲಸವನ್ನು 2018ರ ನವೆಂಬರ್‌ವರೆಗೆ ಅಮೆರಿಕ ಮಾಡುತ್ತಿತ್ತು. ಬ್ರಿಟನ್ ಕೂಡ ಆಯುಧ ಮಾರಿತು. ಈ ಯುದ್ಧದಲ್ಲಿ ಕೈ ಇದ್ದವರಲ್ಲಿ ಎಷ್ಟೋ ಜನ ಆಫೀಸು ಮುಗಿಸಿ ಸಂಜೆ ಮನೆಗೆ ಹೋಗಿ ಮಕ್ಕಳ ಹೋಂವರ್ಕ್ ನೋಡಿದವರು. ಒಬ್ಬ ರಕ್ಕಸನನ್ನು ವಿಮಾನದಲ್ಲಿ ಕೂರಿಸಿದ ಕೂಡಲೇ ಅವರೆಲ್ಲರೂ ಕಥೆಯಿಂದ ಪಾರಾದರು.

ಇನ್ನೊಂದು ಕಡೆಯವರನ್ನೂ ನೀವು ಬಿಟ್ಟುಬಿಟ್ಟಿದ್ದೀರಿ. ನಿಮ್ಮ ಕಥೆಯಲ್ಲಿ ಹೌತಿಗಳು ಬರಿ ಸಂತ್ರಸ್ತರು. ತಯಿಝ್ ಪಟ್ಟಣಕ್ಕೆ ವರ್ಷಗಟ್ಟಲೆ ಮುತ್ತಿಗೆ ಹಾಕಿ ಜನವಸತಿ ಮೇಲೆ ಶೆಲ್ ಹಾಕಿದವರು ಅವರೇ. ನೆಲಬಾಂಬು ಹೂತವರು, ಮೀಸೆ ಚಿಗುರದ ಹುಡುಗರ ಕೈಗೆ ಬಂದೂಕು ಕೊಟ್ಟವರು ಕೂಡ. ‘ಶಿಯಾ ಸುನ್ನಿಗಳ ಸಾವಿರ ವರ್ಷದ ದ್ವೇಷ’ ಅಂತ ಬರೆದಿದ್ದೀರಲ್ಲ, ಅದೂ ನಿಲ್ಲುವುದಿಲ್ಲ. ಅಲ್ಲಿನ ಶಿಯಾ ಪಂಥದ ಝೈದಿಗಳು, ಸುನ್ನಿ ಪಂಥದ ಶಾಫಿಗಳು ಒಂದೇ ಮಸೀದಿಯಲ್ಲಿ ನಮಾಜು ಮಾಡಿದವರು. ಅಧ್ಯಕ್ಷರಾಗಿದ್ದ ಅಲಿ ಅಬ್ದುಲ್ಲಾ ಸಾಲೇ ಕೂಡ ಹೌತಿಗಳ ಹಾಗೆ ಝೈದಿಯೇ. 2004ರಿಂದ 2010ರ ತನಕ ಹೌತಿಗಳ ಮೇಲೆ ಆರು ಸಲ ಯುದ್ಧ ಮಾಡಿದರು. ಕುರ್ಚಿ ಹೋದ ಮೇಲೆ ಅದೇ ಹೌತಿಗಳ ಜೊತೆ ಸೇರಿಕೊಂಡರು. 2014ರ ಸೆಪ್ಟೆಂಬರ್‌ನಲ್ಲಿ ಹೌತಿಗಳು ಸನಾ ಹಿಡಿದಾಗ ಸಾಲೇ ಅವರ ಪಕ್ಕದಲ್ಲಿದ್ದರು. 2017ರ ಡಿಸೆಂಬರ್‌ನಲ್ಲಿ ತಿರುಗಿಬಿದ್ದರು, ಹೌತಿಗಳ ಕೈಯಲ್ಲೇ ಸತ್ತರು. ಇಂಥದ್ದು ಕೈಯಲ್ಲಿರುವಾಗ ಸಾವಿರ ವರ್ಷದ ದ್ವೇಷ ಯಾಕೆ ಬೇಕು?

ಆದರೆ ನನ್ನ ದೊಡ್ಡ ತಕರಾರು ಬೇರೆ. ಹದಿನಾಲ್ಕು ಪುಟದಲ್ಲಿ ಹನ್ನೊಂದು ಪುಟ ಬಾಂಬು. 2021ರ ಕೊನೆಯ ತನಕ ಈ ಯುದ್ಧದಿಂದ ಸುಮಾರು 3,77,000 ಜನ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಂದಾಜು. ಅವರಲ್ಲಿ ನೂರಕ್ಕೆ ಅರವತ್ತರಷ್ಟು ಜನ ಸತ್ತದ್ದು ಗುಂಡಿನಿಂದಲೂ ಅಲ್ಲ, ಬಾಂಬಿನಿಂದಲೂ ಅಲ್ಲ. ಹಸಿವು, ಕೊಳಕು ನೀರು, ಔಷಧಿ ಇಲ್ಲದ ಆಸ್ಪತ್ರೆ. ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು.

ಅದು ಹೇಗಾಗುತ್ತದೆ ಅಂತ ಒಂದು ಕ್ರೇನು ಹಿಡಿದು ನೋಡಿ. ಯೆಮನ್ ತಿನ್ನುವ ಗೋಧಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಹೊರಗಿನಿಂದ ಬರುತ್ತದೆ. ದೇಶಕ್ಕೆ ಬರುವ ಸಾಮಾನಿನ ದೊಡ್ಡ ಪಾಲು ಆಗ ಇಳಿಯುತ್ತಿದ್ದುದು ಹೊದೈದಾ ಬಂದರಿನಲ್ಲಿ. ಒಕ್ಕೂಟದ ದಾಳಿ ಶುರುವಾಗಿದ್ದು 2015ರ ಮಾರ್ಚ್ 26ಕ್ಕೆ. ಆಗಸ್ಟ್‌ನಲ್ಲಿ ಆ ಬಂದರಿನ ಕ್ರೇನುಗಳನ್ನು ಹೊಡೆದರು. ಸರಕು ಇಳಿಸುವುದು ನಿಧಾನವಾಯಿತು, ಹಡಗುಗಳು ಕಾದವು. ಕಾದ ದಿನಕ್ಕೆಲ್ಲ ಬಾಡಿಗೆ, ಬಾಡಿಗೆಯೆಲ್ಲ ಹಿಟ್ಟಿನ ಬೆಲೆಗೆ. ವಿಶ್ವ ಆಹಾರ ಕಾರ್ಯಕ್ರಮದವರು ನಾಲ್ಕು ಹೊಸ ಕ್ರೇನು ತಂದರೆ 2017ರ ಜನವರಿಯಲ್ಲಿ ಒಕ್ಕೂಟದವರು ಅವನ್ನು ವಾಪಸ್ ಕಳಿಸಿದರು. ಅವು ಬಂದರು ಸೇರಿದ್ದು 2018ರಲ್ಲಿ. ಈ ನಡುವೆ 2016ರ ಸೆಪ್ಟೆಂಬರ್‌ನಲ್ಲಿ ಹೌತಿಗಳ ವಿರೋಧಿ ಸರ್ಕಾರದವರು ದೇಶದ ಸೆಂಟ್ರಲ್ ಬ್ಯಾಂಕನ್ನು ಸನಾದಿಂದ ತಮ್ಮ ಕೈಯಲ್ಲಿದ್ದ ಏಡನ್‌ಗೆ ಎತ್ತಿಕೊಂಡು ಹೋದರು. ಸುಮಾರು 12 ಲಕ್ಷ ಸರ್ಕಾರಿ ನೌಕರರಿಗೆ ಸಂಬಳದ ತೊಂದರೆ ಶುರುವಾಯಿತು. ಹೌತಿಗಳ ಕೈಯಲ್ಲಿದ್ದ ಊರುಗಳಲ್ಲಿ ಮೇಷ್ಟ್ರು, ನರ್ಸು, ಪೌರಕಾರ್ಮಿಕರು, ಎಲ್ಲರ ಸಂಬಳವೂ ನಿಂತಿತು. ಡೀಸೆಲ್ ಇಲ್ಲ, ಹಾಗಾಗಿ ಬೋರ್‌ವೆಲ್ ಪಂಪು ಓಡುವುದಿಲ್ಲ. ಕಸ ಎತ್ತುವವರಿಲ್ಲ. 2017ರಲ್ಲಿ ಕಾಲರಾ ಊರೂರಿಗೆ ಹಬ್ಬಿತು. ವರ್ಷದ ಕೊನೆಗೆ ಶಂಕಿತ ರೋಗಿಗಳ ಲೆಕ್ಕ ಹತ್ತು ಲಕ್ಷ ದಾಟಿತ್ತು. ನಮ್ಮ ಅಜ್ಜಿಯರು ಉಪ್ಪು ಸಕ್ಕರೆ ನೀರು ಕುಡಿಸಿ ಉಳಿಸಿಕೊಳ್ಳುತ್ತಿದ್ದ ಕಾಯಿಲೆ. ಆ ಉಪ್ಪು ಸಕ್ಕರೆ ಕದಡಲು ಒಳ್ಳೆಯ ನೀರು ಬೇಕು, ತೀರಾ ಜಾಸ್ತಿಯಾದರೆ ಆಸ್ಪತ್ರೆಗೆ ಹೋಗಲು ಬಸ್ ಚಾರ್ಜು ಬೇಕು.

ಈ ಕಥೆಯಲ್ಲಿ ಆಕಾಶವನ್ನು ನೋಡುವ ಅಗತ್ಯವೇ ಇಲ್ಲ. ಒಬ್ಬ ಹೆಂಗಸು ಅಂಗಡಿಯ ಮುಂದೆ ನಿಂತು, ನಿನ್ನೆಯ ಬೆಲೆಗೆ ತಂದ ದುಡ್ಡನ್ನು ಇವತ್ತಿನ ಬೆಲೆಗೆ ಎಣಿಸುತ್ತಿದ್ದರೆ ಸಾಕು. ಅಂಗಡಿಯವನು ಒಳ್ಳೆಯವನೇ. ಸಾಲದ ಪುಸ್ತಕ ತುಂಬಿಹೋಗಿದೆ, ಅಷ್ಟೆ.

ಈಗ ನಿಮ್ಮ ಪತ್ರ. ‘ನನ್ನ ಚಿಕ್ಕಮ್ಮ ಸನಾದಲ್ಲಿ ನರ್ಸ್ ಆಗಿದ್ದರು. 2015ರ ಏಪ್ರಿಲ್‌ನಲ್ಲಿ ವಾಪಸ್ ಬಂದರು. ಈಗಲೂ ಅಲ್ಲಿನ ಜೊತೆಯ ನರ್ಸಿಗೆ ಫೋನ್ ಮಾಡಿದರೆ ಮೊದಲು ಕೇಳುವುದು ಸಂಬಳ ಬಂತಾ ಅಂತ.’

ಮಾರಾಯ್ರೆ, ಇದನ್ನು ಪತ್ರದಲ್ಲಿಟ್ಟು ಫಾತಿಮಾಳನ್ನು ಕಥೆಯಲ್ಲಿಟ್ಟಿರಿ!

ನಿಮ್ಮ ಚಿಕ್ಕಮ್ಮ ಬಂದದ್ದು ಆಪರೇಷನ್ ರಾಹತ್‌ನಲ್ಲಿ ಇರಬೇಕು. ನಮ್ಮ ಸರ್ಕಾರ ಆಗ 4,600ಕ್ಕೂ ಹೆಚ್ಚು ಭಾರತೀಯರನ್ನು, ಜೊತೆಗೆ ಹಲವು ದೇಶಗಳ 900ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಏಡನ್, ಹೊದೈದಾಗಳಿಂದ ನೌಕಾಪಡೆಯ ಹಡಗಿನಲ್ಲಿ, ಸನಾದಿಂದ ಏರ್ ಇಂಡಿಯಾ ವಿಮಾನದಲ್ಲಿ ಜಿಬೂಟಿಗೆ, ಅಲ್ಲಿಂದ ಊರಿಗೆ. ಸನಾಕ್ಕೆ ವಿಮಾನ ಇಳಿಯಲು ದಿನಕ್ಕೆ ಕೆಲವೇ ಗಂಟೆ ಅನುಮತಿ. ಅನುಮತಿ ಕೊಡುತ್ತಿದ್ದವರು ಬಾಂಬು ಹಾಕುತ್ತಿದ್ದ ಸೌದಿಯವರೇ. ಅಂದರೆ ಚಿಕ್ಕಮ್ಮನಿಗೆ ಆ ಕೆಲವು ಗಂಟೆಯ ಬಾಗಿಲು ತೆರೆಯಿತು. ಜೊತೆಯ ನರ್ಸಿಗೆ ಅದೇ ಅವಳ ಊರು, ಎಲ್ಲಿಗೆ ಹೋಗುತ್ತಾಳೆ? ಮಾರನೇ ದಿನ ಡ್ಯೂಟಿಗೆ ಹೋಗಿರುತ್ತಾಳೆ. ಒಂದೂವರೆ ವರ್ಷ ಕಳೆದ ಮೇಲೆ ಸಂಬಳವೂ ನಿಂತಿತು. ಆಮೇಲೂ ಹೋಗಿರುತ್ತಾಳೆ.

ನಿಮಗೆ ಗೊತ್ತಿರುವ ಯುದ್ಧ ಇದು. ಉಳಿದದ್ದು ಟಿವಿಯಲ್ಲಿ ನೋಡಿದ್ದು. ತಪ್ಪೇನಿಲ್ಲ, ಎಲ್ಲರೂ ಹಾಗೇ ಶುರು ಮಾಡುತ್ತಾರೆ. 1991ರಲ್ಲಿ ಕುವೈತ್ ಯುದ್ಧದ ಬಗ್ಗೆ ನಾನೂ ಒಂದು ಪದ್ಯ ಬರೆದಿದ್ದೆ. ಪೆಟ್ರೋಲಿಗೂ ಕಣ್ಣೀರಿಗೂ ಏನೋ ಸಂಬಂಧ ಕಲ್ಪಿಸಿದ್ದೆ. ಪುಣ್ಯಕ್ಕೆ ಅದನ್ನು ಯಾರೂ ಅಚ್ಚು ಹಾಕಲಿಲ್ಲ.

ಚಿಕ್ಕಮ್ಮನ ಹತ್ತಿರ ಕೂತು ಮಾತಾಡಿ. ಭಯವಾಯಿತಾ ಅಂತ ಕೇಳಬೇಡಿ, ಹೌದು ಅಂತಾರೆ, ಅಲ್ಲಿಗೆ ಮುಗಿಯಿತು. ವಾರ್ಡಿನಲ್ಲಿ ಕರೆಂಟು ಹೋದರೆ ಮೊದಲು ಯಾವ ಮಷೀನು ನೋಡುತ್ತಿದ್ದರು, ಹೊರಡುವ ದಿನ ಯಾರಿಗೆ ಹ್ಯಾಂಡೋವರ್ ಕೊಟ್ಟರು, ಆ ತಿಂಗಳ ಸಂಬಳ ಕೈಗೆ ಬಂದಿತ್ತಾ, ಇಂಥದ್ದು ಕೇಳಿ. ಜೊತೆಯವಳು ಫೋನಿನಲ್ಲಿ ಏನು ಹೇಳುತ್ತಾಳೆ, ಏನು ಹೇಳುವುದಿಲ್ಲ ಅನ್ನುವುದನ್ನೂ. ಅವಳ ಹೆಸರು ಮಾತ್ರ ಬದಲಿಸಿ. ಅವಳು ಇನ್ನೂ ಅಲ್ಲೇ ಇದ್ದಾಳೆ.

ಆರೇಳು ಪುಟ ಸಾಕು. ಫೋನ್ ಕರೆಯಿಂದಲೇ ಶುರು ಮಾಡಿದರೂ ನಡೆಯುತ್ತದೆ. ಆಗಸ್ಟ್ ಒಳಗೆ ಕಳಿಸಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ. ಹಾಕುತ್ತೇನೆ ಅಂತ ಮಾತು ಕೊಡುವುದಿಲ್ಲ, ಓದುತ್ತೇನೆ ಅಂತ ಕೊಡುತ್ತೇನೆ. ಹಳೇ ಪ್ರತಿಯ ಬದಿಯಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ. ಒಂಬತ್ತನೇ ಪುಟದಲ್ಲಿ ಫಾತಿಮಾ ಹಿಟ್ಟಿನ ಡಬ್ಬದ ತಳವನ್ನು ಚಮಚದಲ್ಲಿ ಕೆರೆಯುವ ಸದ್ದಿದೆಯಲ್ಲ, ಅದರ ಪಕ್ಕದಲ್ಲಿ ಮಾತ್ರ ಟಿಕ್ ಇದೆ.

ನಿಮ್ಮ,
ಸಂಪಾದಕ