40 ಡಿಗ್ರಿ ಉತ್ತರದಲ್ಲಿ ಬಿರುಗಾಳಿ: ಡೇಟಾ ತಪ್ಪಲ್ಲ, ಮೇಲಿನ ಗಾಳಿ ನೋಡಿ

ಅಟ್ಲಾಂಟಿಕ್‌ನ ಹರ್‌ಡ್ಯಾಟ್2 ಫೈಲ್‌ನಲ್ಲಿ (ಅಮೆರಿಕದ ಹರಿಕೇನ್ ಕೇಂದ್ರದ ಬಿರುಗಾಳಿ ದಾಖಲೆ) 40 ಡಿಗ್ರಿ ಉತ್ತರ ಅಕ್ಷಾಂಶದ ಆಚೆ, 26.5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರಿನ ಮೇಲೆ ಬಿರುಗಾಳಿ ಹುಟ್ಟಿರುವುದು ನೋಡಿ ಡೇಟಾ ತಪ್ಪು ಅಂದುಕೊಂಡಿದ್ದೀರಿ, ಅಲ್ವಾ? ಬಹುಶಃ ಕಾರಣ ಮೇಲಿರುವ ತಣ್ಣನೆಯ ಗಾಳಿ. ಬಿರುಗಾಳಿ ಹುಟ್ಟಲು ನೀರು ಇಷ್ಟಾದರೂ ಬೆಚ್ಚಗಿರಬೇಕು ಅನ್ನುವ ಆ 26.5ರ ಮಿತಿ ಉಷ್ಣವಲಯಕ್ಕೆ ಹೊಂದುವ ಅಂದಾಜು, ಅಷ್ಟೇ. ಬಿರುಗಾಳಿಗೆ ಬೇಕಿರುವುದು ನೀರಿಗೂ ಮೇಲಿನ ಗಾಳಿಗೂ ನಡುವಿನ ತಾಪದ ವ್ಯತ್ಯಾಸ. ಮೇಲೆ ಚಳಿ ಜಾಸ್ತಿ ಇದ್ದರೆ ತಣ್ಣಗಿನ ನೀರೂ ಸಾಕಾಗುತ್ತದೆ. 2005ರ ವಿನ್ಸ್ ಎಂಬ ಬಿರುಗಾಳಿ ಪೋರ್ಚುಗಲ್‌ನ ಮಡೀರಾ ದ್ವೀಪದ ಹತ್ತಿರ ಸುಮಾರು 23–24 ಡಿಗ್ರಿ ನೀರಿನ ಮೇಲೆ ಹರಿಕೇನ್ ಆಯಿತು.

ಮೊದಲು ಸ್ಥಿತಿಯ ಕಾಲಂ ನೋಡಿ. ಸಾಲು ‘ಇಎಕ್ಸ್’ ಅಂದರೆ ಆ ಹೊತ್ತಿಗೆ ಅದು ಉಷ್ಣವಲಯದ ಬಗೆಯದಲ್ಲದ ಸಾಮಾನ್ಯ ವಾಯುಭಾರ ಕುಸಿತ. ಮೊದಲ ಸಾಲನ್ನೇ ಸುಮ್ನೆ ಹುಟ್ಟಿದ ಜಾಗ ಅಂತ ಹಿಡಿಯಬೇಡಿ. ‘ಟಿಡಿ’, ‘ಟಿಎಸ್’ (ಉಷ್ಣವಲಯದ ಬಗೆಯ ಕುಸಿತ, ಬಿರುಗಾಳಿ), ‘ಎಸ್‌ಡಿ’ ಅಥವಾ ‘ಎಸ್‌ಎಸ್’ (ಉಪೋಷ್ಣವಲಯದ ಬಗೆಯವು) ಮೊದಲು ಬರುವ ಸಾಲು ಹಿಡಿಯಿರಿ. ಅರ್ಧ ಗೊಂದಲ ಇಲ್ಲೇ ಹೋಗಬಹುದು.

ಆಮೇಲೆ ಆ ದಿನದ್ದೇ ಸಮುದ್ರದ ತಾಪ ತೆಗೆದುಕೊಳ್ಳಿ, ತಿಂಗಳ ಸರಾಸರಿ ಬೇಡ. ಅದರಿಂದ ಯುರೋಪಿನ ಹಳೆಯ ಹವಾಮಾನದ ಮರುಲೆಕ್ಕವಾದ ಇಆರ್‌ಎ5ನಲ್ಲಿರುವ 300 ಹೆಕ್ಟೋಪ್ಯಾಸ್ಕಲ್ ಒತ್ತಡದ ಮಟ್ಟದ (ಸುಮಾರು 9 ಕಿ.ಮೀ. ಎತ್ತರದ) ತಾಪ ಕಳೆಯಿರಿ. ನಿಮ್ಮ ಉತ್ತರದ ಬಿರುಗಾಳಿಗಳಿಗೂ ಉಷ್ಣವಲಯದವಕ್ಕೂ ಈ ಅಂತರ ಹೋಲಿಸಿ ನೋಡಿ.

ಆದರೂ ಕೆಲವು ಸಾಲು ಅನುಮಾನದಲ್ಲೇ ಉಳಿಯುತ್ತವೆ. 2019ರ ಪ್ಯಾಬ್ಲೊ ಎಂಬ ಬಿರುಗಾಳಿ ಅಜೋರ್ಸ್ ದ್ವೀಪಗಳ ಹತ್ತಿರ ಒಂದು ದೊಡ್ಡ ಸಾಮಾನ್ಯ ಕುಸಿತದ ಹೊಟ್ಟೆಯೊಳಗೇ ಹುಟ್ಟಿತು. ಇಂಥದ್ದನ್ನು ಯಾವ ಹೊತ್ತಿಗೆ ‘ಟಿಎಸ್’ ಅನ್ನಬೇಕು ಅನ್ನುವುದು ತಜ್ಞರ ತೀರ್ಮಾನ. ಉಪಗ್ರಹಗಳಿಗೂ ಹಿಂದಿನ ವರ್ಷಗಳನ್ನು ಸೇರಿಸಿ ‘ಉತ್ತರದಲ್ಲಿ ಹೆಚ್ಚಾಗುತ್ತಿವೆ’ ಅಂತ ಗೆರೆ ಎಳೆಯಬೇಡಿ. ಆಗ ಹಡಗು ಹೋಗದ ಕಡೆಯ ಎಷ್ಟೋ ಬಿರುಗಾಳಿಗಳು ದಾಖಲೆಗೇ ಬಂದಿಲ್ಲ.