ಓದಿದ್ದು ಸಂಜೆಗೆ ನೆನಪಿಲ್ಲ, ಅಕ್ಕೋರೇ

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸಬೇಕು ಅಂತ ಜನವರಿಯಿಂದ ದಿನಕ್ಕೆ ಮೂರು-ನಾಲ್ಕು ಅಧ್ಯಾಯ ಓದುತ್ತಿದ್ದೇನೆ. ಬೆಳಿಗ್ಗೆ ಬಿಣಗಾದಿಂದ ಬಸ್ಸು ಹಿಡಿಯುವ ಗಡಿಬಿಡಿ. ಸಂಜೆ ನೆನಪು ಮಾಡಿಕೊಂಡರೆ ಒಂದು ಸಾಲೂ ಇಲ್ಲ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ಬಂಗಡೆ ರೇಟು ತಲೆಗೆ ಬರುತ್ತದೆ. ‘ಧ್ಯಾನ ನಮ್ಮದಲ್ಲ, ಪ್ರಾರ್ಥನೆ ಸಾಕು’ ಅನ್ನುತ್ತಾರೆ ಅತ್ತಿಗೆ. ಮನೆಮಾತು ಕೊಂಕಣಿ, ಬೈಬಲ್ ಕನ್ನಡದ್ದು. ಏನು ಮಾಡಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ತಂಗೀ, ಮೊದಲು ಅತ್ತಿಗೆಯ ಮಾತು. ಒಂದನೇ ಕೀರ್ತನೆ ತೆಗೆದು ತೋರಿಸು. ಎರಡನೇ ವಚನದಲ್ಲೇ ಹಗಲಿರುಳು ಧ್ಯಾನ ಮಾಡುವವನು ಬರುತ್ತಾನೆ. ಆದರೆ ಅತ್ತಿಗೆಯದೂ ಪೂರ್ತಿ ತಪ್ಪಲ್ಲ. ಧ್ಯಾನ ಅಂದ ಕೂಡಲೇ ನಾವು ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡಲು ಹೊರಡುತ್ತೇವೆ. ಅಲ್ಲಿರುವ ಹೀಬ್ರೂ ಪದ ‘ಹಾಗಾ’. ಅದು ಬಾಯಿಯ ಕೆಲಸ, ಗುಣುಗುಣು ಅನ್ನುವುದು. ಪ್ರವಾದಿ ಯೆಶಾಯನ ಪುಸ್ತಕದ 31ನೇ ಅಧ್ಯಾಯದಲ್ಲಿ ಸಿಂಹ ಬೇಟೆಯ ಮುಂದೆ ಗುರುಗುಟ್ಟುವುದಕ್ಕೂ ಅದೇ ಪದ, 38ರಲ್ಲಿ ಪಾರಿವಾಳ ನರಳುವುದಕ್ಕೂ ಅದೇ. ಧರ್ಮಶಾಸ್ತ್ರ ನಿನ್ನ ಬಾಯಿಂದ ಅಗಲದಿರಲಿ ಅಂತಲೇ ಯೆಹೋಶುವನಿಗೆ ದೇವರು ಹೇಳಿದ್ದು. ತಲೆಯ ಸುದ್ದಿ ಎತ್ತಲಿಲ್ಲ, ನೋಡು.

ನಾನು ಇಪ್ಪತ್ತು ವರ್ಷ ಶಿರಸಿಯಲ್ಲಿ ಪಾಠ ಮಾಡಿದವಳು. ಅಲ್ಲಿ ಊಟ ಆದಮೇಲೆ ಕವಳ ಹಾಕುತ್ತಾರೆ. ಎಲೆ, ಅಡಿಕೆ, ಸುಣ್ಣ ಬಾಯಲ್ಲಿಟ್ಟುಕೊಂಡೇ ತೋಟಕ್ಕೆ ಹೋಗುತ್ತಾರೆ, ಅಡಿಕೆ ಸುಲಿಯುತ್ತಾರೆ, ಜಗಳವನ್ನೂ ಆಡುತ್ತಾರೆ. ವಚನ ಹಾಗೆ ಬಾಯಲ್ಲಿರಬೇಕು. (ಉಗುಳುವ ವಿಷಯ ಬಿಡು.) 12ನೇ ಶತಮಾನದಲ್ಲಿ ಫ್ರಾನ್ಸಿನ ಮಠವೊಂದರ ಹಿರಿಯ ಎರಡನೇ ಗೀಗೋ ಕೂಡ ಇದನ್ನೇ ಹೇಳಿದ. ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆ ಅದರ ರುಚಿ ತೆಗೆಯುತ್ತದೆ ಅಂತ. ನೀನು ದಿನಕ್ಕೆ ನಾಲ್ಕು ಅಧ್ಯಾಯ ಅಗಿಯದೆ ನುಂಗುತ್ತಿದ್ದೀಯ, ಅಷ್ಟೇ.

ನಾನೂ ಹಾಗೇ ಇದ್ದೆ. ಓದಿದ ಅಧ್ಯಾಯಕ್ಕೆಲ್ಲ ಕೆಂಪು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದೆ. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ! ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಹೊಸ ಕನ್ನಡಕ ಬರುವವರೆಗೆ ಒಂದು ತಿಂಗಳು ಅಕ್ಷರವೆಲ್ಲ ಮಸುಕು. ಐದನೇ ಕ್ಲಾಸಿನ ಮೊಮ್ಮಗ ಶಾಲೆಗೆ ಹೊರಡುವ ಮುಂಚೆ ಬೂಟು ಹಾಕಿಕೊಳ್ಳುತ್ತಾ ಒಂದೇ ಒಂದು ವಚನ ಓದಿ ಹೇಳುತ್ತಿದ್ದ. ಅದಕ್ಕಿಂತ ಜಾಸ್ತಿ ಕೇಳಿದರೆ ಬಸ್ಸು ತಪ್ಪುತ್ತದೆ ಅಂತ ಓಡುತ್ತಿದ್ದ.

ಒಂದು ದಿನ ಲೂಕನ 5ನೇ ಅಧ್ಯಾಯ, 5ನೇ ವಚನ. ರಾತ್ರಿಯೆಲ್ಲಾ ದುಡಿದರೂ ಏನೂ ಸಿಗಲಿಲ್ಲ, ಆದರೂ ನೀನು ಹೇಳಿದ್ದಕ್ಕೆ ಬಲೆ ಹಾಕುತ್ತೇನೆ ಎಂದು ಮೀನುಗಾರ ಪೇತ್ರ ಯೇಸುವಿಗೆ ಹೇಳುವ ಮಾತು. ಅಕ್ಕಿ ತೊಳೆಯುತ್ತಾ ಅದನ್ನೇ ಗುಣುಗುತ್ತಿದ್ದೆ. ಆಗ ಹೊಳೆಯಿತು. ಅವರು ಆಗಲೇ ಬಲೆ ತೊಳೆಯುತ್ತಿದ್ದರಲ್ಲ! ಎರಡನೇ ವಚನದಲ್ಲಿದೆ, ಎಷ್ಟೋ ಸಲ ಟಿಕ್ ಹಾಕಿ ದಾಟಿದ್ದೆ. ನಾನು ಬೈತಖೋಲದ ಹುಡುಗಿ, ಅಪ್ಪ ದೋಣಿಗೆ ಹೋಗುತ್ತಿದ್ದವರು. ಬಲೆಯಿಂದ ಕಸ, ಏಡಿ ಕಾಲು ಬಿಡಿಸಿ ತೊಳೆಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಆಗ ಒಬ್ಬ ಬಡಗಿ ಬಂದು ‘ಮತ್ತೆ ಹಾಕಿ’ ಅಂದರೆ? ಅಪ್ಪ ಏನು ಅನ್ನುತ್ತಿದ್ದರು ಅಂತ ಇಲ್ಲಿ ಬರೆಯಲಾರೆ. ಪೇತ್ರ ‘ಆದರೂ’ ಅಂದ. ಆ ಒಂದು ‘ಆದರೂ’ದಲ್ಲೇ ನನ್ನ ಮಧ್ಯಾಹ್ನ ಕಳೆಯಿತು. ಮನೆಪಾಲಿನ ವಿಷಯಕ್ಕೆ ಮಾತು ಬಿಟ್ಟ ತಂಗಿಗೆ ಮೂರು ಸಲ ಫೋನ್ ಮಾಡಿ ಸೋತಿದ್ದೆ. ಅವತ್ತು ನಾಲ್ಕನೇ ಸಲ ಮಾಡಿದೆ. ಅವಳು ಎತ್ತಲಿಲ್ಲ, ಅದು ಬೇರೆ ಮಾತು.

ನೀನು ಬೆಳಿಗ್ಗೆ ಓದಿದ್ದರಲ್ಲಿ ಒಂದು ಸಾಲು ಆರಿಸಿಕೊಂಡು ಬಸ್ಸು ಹತ್ತು. ಕಣ್ಣು ತೆರೆದೇ ಇರಲಿ. ಬಂಗಡೆ ರೇಟು ಬಂದರೆ ಬರಲಿ, ಓಡಿಸಬೇಡ. ಯೇಸು ಕಲಿಸಿದ ಪ್ರಾರ್ಥನೆಯ ‘ಅನುದಿನದ ಆಹಾರ ಕೊಡು’ ಅನ್ನುವುದರಲ್ಲಿ ಇರುವುದೂ ಅದೇ ಅಲ್ವಾ? ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧದಿಂದ ಟ್ರಾಲರ್ ನಿಂತಾಗ ಆ ಸಾಲು ಹೇಳಿ ನೋಡು, ರುಚಿಯೇ ಬೇರೆ.

ಭಾಷೆ? ಮಗುವಿಗೆ ಯಾವ ಭಾಷೆಯಲ್ಲಿ ಬೈಯುತ್ತೀಯೋ ಅದರಲ್ಲಿ. ಕನ್ನಡದಲ್ಲಿ ಪೂರ್ತಿ ಬೈಬಲ್ ಅಚ್ಚಾದದ್ದೇ 1831ರಲ್ಲಿ, ಬಳ್ಳಾರಿಯಲ್ಲಿ. ಅದೂ ಅನುವಾದವೇ. ನಿನ್ನ ಕೊಂಕಣಿ ದೇವರಿಗೆ ತಿಳಿಯುತ್ತದೆ.

ಒಂದು ಎಚ್ಚರ. ಸಾಲನ್ನು ಕಿತ್ತುಕೊಂಡು ಬರಬೇಡ, ಅಧ್ಯಾಯವನ್ನು ಓದಿಯೇ ಆರಿಸು. ‘ಎಲ್ಲಕ್ಕೂ ಶಕ್ತನಾಗಿದ್ದೇನೆ’ ಅಂತ ಕ್ಯಾಲೆಂಡರಿನಲ್ಲಿ ನೋಡಿ ಪರೀಕ್ಷೆಗೆ ಹೋಗುವ ಮಕ್ಕಳನ್ನು ಕಂಡಿದ್ದೇನೆ. ಪೌಲ ಅದನ್ನು ಬರೆದದ್ದು ಸೆರೆಮನೆಯಿಂದ. ಹಸಿವೆಯನ್ನೂ ತಾಳಿಕೊಳ್ಳಬಲ್ಲೆ ಅನ್ನುವ ಅರ್ಥದಲ್ಲಿ, ರ‍್ಯಾಂಕಿಗಾಗಿ ಅಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಬೈಬಲ್ ಓದಿ ಧ್ಯಾನ ಮಾಡಬಹುದಾ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಅಡ್ಡಿಯಿಲ್ಲ. ಓದಿ ಜೇಬಿಗೆ ಹಾಕಿ. ಕುಮಟಾ ಮುಟ್ಟುವಷ್ಟರಲ್ಲಿ ಆ ಸಾಲು ನೋಡದೆ ಹೇಳಲು ಬಂದರೆ ಆಯಿತು. ನನಗೆ ಮಾತ್ರ ಹಳೇ ಪುಸ್ತಕವೇ ಇಷ್ಟ. ಹಳೇ ಒಡಂಬಡಿಕೆಯಲ್ಲಿ ಕೆಂಪು ಟಿಕ್ ಇನ್ನೂ ಇವೆ, ಯಾಜಕಕಾಂಡದ 14ರ ತನಕ.