ಓದುಗರ ಪ್ರಶ್ನೆ: ಆತಕೂರಿನ ಕಾಳಿ ಮುಧೋಳ ನಾಯಿಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮುಧೋಳ ನಾಯಿಯೊಂದಿದೆ. ಬಡಾವಣೆಯ ಸಂಘದವರು ಏರ್ಪಡಿಸಿರುವ ಸಾಕುಪ್ರಾಣಿಗಳ ಪ್ರದರ್ಶನಕ್ಕಾಗಿ ಅದರ ಇತಿಹಾಸ ತಿಳಿಸುವ ಫಲಕವನ್ನು ಬರೆದುಕೊಡಲು ನನಗೆ ಹೇಳಿದ್ದಾರೆ. ಆತಕೂರಿನ ವೀರಗಲ್ಲಿನಲ್ಲಿರುವ ‘ಕಾಳಿ’ ಮುಧೋಳ ನಾಯಿಯೇ ಆಗಿತ್ತು, ಅದರ ಯಜಮಾನನು ಭೂಮಿಯನ್ನು ಬೇಡವೆಂದು ನಾಯಿಯನ್ನಷ್ಟೇ ಕೇಳಿ ಪಡೆದನು ಎಂದು ಬರೆಯಬಹುದೇ? ಮಕ್ಕಳು ಓದುವ ಫಲಕವಾದ್ದರಿಂದ ಕಥೆ ಸರಳವಾಗಿದ್ದರೆ ಸಾಕು ಎನ್ನುತ್ತಾರೆ ಸಂಘದವರು.
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ಎರಡನ್ನೂ ಬರೆಯಬೇಡಿ. ಕಲ್ಲಿನಲ್ಲಿ ಕಾಳಿಯ ಹೆಸರಿದೆ, ತಳಿಯ ಮಾತಿಲ್ಲ. ಆ ಕಲ್ಲು ದೊರೆತದ್ದು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಧೋಳದ ನಾಯಿಗಳ ಹೆಸರು ಘೋರ್ಪಡೆ ಅರಸು ಮನೆತನದ ಜೊತೆಗೆ ಬೆಳೆದದ್ದು, ಅಂದರೆ ಕಾಳಿ ಸತ್ತು ಹಲವು ಶತಮಾನಗಳಾದ ಮೇಲಿನ ಮಾತು. ನಡುವಿನ ಕೊಂಡಿಯನ್ನು ನಮ್ಮ ಅಭಿಮಾನದಿಂದ ಬೆಸೆಯಲಾಗದು.

ಕಲ್ಲಿನಲ್ಲಿರುವ ಕಥೆಯೇ ನಿಮ್ಮ ಫಲಕದ ಕಥೆಗಿಂತ ಸ್ವಾರಸ್ಯಕರವಾಗಿದೆ, ಅದೂ ನಿಮ್ಮ ನೆಲಕ್ಕೇ ಸೇರಿದೆ. ಶಕ ವರ್ಷ 872ರ, ಎಂದರೆ ಕ್ರಿ.ಶ. 949–50ರ ಈ ಶಾಸನದ ಪ್ರಕಾರ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗರ ಬೂತುಗನು ರಾಜಾದಿತ್ಯನನ್ನು ಕೊಂದನು. ಅದಕ್ಕೆ ಮೆಚ್ಚಿದ ಕೃಷ್ಣನು ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಅವನಿಗೆ ಕೊಟ್ಟನು. ಪುರಿಗೆರೆಯೆಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬೆಳ್ವೊಲದ ಮುಖ್ಯ ಪಟ್ಟಣ ನಿಮ್ಮ ಜಿಲ್ಲೆಯ ಅಣ್ಣಿಗೇರಿ. ಬೂತುಗನ ಆಳು ಮಣಲೆರನು ಅದೇ ಯುದ್ಧದಲ್ಲಿ ಹೋರಾಡಿದವನು. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಅವನು ಕೇಳಿದ್ದು ಕಾಳಿಯನ್ನು. ಮುಂದೆ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಅಲ್ಲಿನ ಗೊರವನು, ಎಂದರೆ ಗುಡಿಯ ಶೈವ ಪೂಜಾರಿಯು, ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಂದೂ ಬರೆಯಲಾಯಿತು. (ಮಕ್ಕಳು ಎಲ್ಲಕ್ಕಿಂತ ಮೊದಲು ಈ ಮಾತಿಗೇ ನಗುತ್ತಾರೆ, ನಗಲಿ.)

ಭೂಮಿಯನ್ನು ಬೇಡವೆಂದ ಸಂಗತಿ ಮಾತ್ರ ಕಲ್ಲಿನಲ್ಲಿಲ್ಲ. ಮಣಲೆರನಿಗೆ ಆತಕೂರು ಹನ್ನೆರಡೂ (ಹನ್ನೆರಡು ಊರುಗಳ ಗುಂಪು) ಬೆಳ್ವೊಲದ ಒಂದು ಊರೂ ಸಂದವೆಂದು ಅದೇ ಶಾಸನ ಹೇಳುತ್ತದೆ. ನಾಯಿಯನ್ನು ಪ್ರೀತಿಸಿದವನು ಭೂಮಿಯನ್ನೂ ಪಡೆದನೆಂದರೆ ಅವನ ಪ್ರೀತಿಗೆ ಕುಂದೇನೂ ಇಲ್ಲ. ಬೂತುಗನು ಗಂಗ ದೊರೆ ರಾಚಮಲ್ಲನನ್ನು ಕೊಂದು ಗಂಗರ ನಾಡನ್ನು ಆಳತೊಡಗಿದನೆಂಬುದನ್ನೂ ಕಲ್ಲು ಮುಚ್ಚಿಟ್ಟಿಲ್ಲ. ಇನ್ನು ರಾಜಾದಿತ್ಯನು ಸತ್ತ ಬಗೆಯಲ್ಲಿ ಆತಕೂರಿನ ಕಲ್ಲು ಬೂತುಗನ ಸುರಗಿಯನ್ನು (ಕಿರುಗತ್ತಿಯನ್ನು) ಹೇಳಿದರೆ, ಈಗ ನೆದರ್ಲೆಂಡ್ಸ್‌ಗೆ ಸೇರಿದ ಊರಿನ ಹೆಸರಿನಿಂದ ಕರೆಯಲಾಗುವ ಚೋಳರ ಲೈಡನ್ ತಾಮ್ರಪಟಗಳು ಆನೆಯ ಮೇಲಿದ್ದ ವೀರನ ಎದೆಯನ್ನು ಸೀಳಿದ ಬಾಣಗಳನ್ನು ಹೇಳುತ್ತವೆ. ಗೆದ್ದವರದು ಒಂದು ಮಾತು, ಸೋತವರದು ಇನ್ನೊಂದು. ಜಾಗವಿದ್ದರೆ ಎರಡನ್ನೂ ಬರೆಯಿರಿ. ಹತ್ತು ವರ್ಷದ ಮಗುವಿಗೆ ಇದು ಕಷ್ಟವೆಂದು ನನಗನ್ನಿಸುವುದಿಲ್ಲ.

ಮುಧೋಳ ನಾಯಿಗೆ ಬೇರೆಯೇ ಫಲಕವಿರಲಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತೆಂಬುದನ್ನು ಅಲ್ಲಿ ನಿಸ್ಸಂಕೋಚವಾಗಿ ಬರೆಯಬಹುದು. ಹಿರಿಯರಿಂದ ಕೇಳಿದ ಸಂಗತಿಗಳನ್ನು ‘ಜನರು ಹೀಗೆ ಹೇಳುತ್ತಾರೆ’ ಎಂದು ಸೇರಿಸಿದರೆ ಅವುಗಳ ಗೌರವವೂ ಉಳಿಯುತ್ತದೆ.

ಪ್ರಶ್ನೆ: ನಮ್ಮ ಮುಧೋಳ ನಾಯಿಯ ಪಕ್ಕೆಲುಬು ಕಾಣುತ್ತವೆಂದು ನೆರೆಯವರು ಆಕ್ಷೇಪಿಸುತ್ತಾರೆ. ರಾಜರ ಬೇಟೆನಾಯಿಯಾದ್ದರಿಂದ ಸದಾ ಸರಪಳಿಯಲ್ಲಿಟ್ಟು ಮಾಂಸವನ್ನಷ್ಟೇ ಹಾಕಬೇಕೆಂದು ಅಣ್ಣ ಹಟ ಹಿಡಿದಿದ್ದಾರೆ.
– ಓದುಗರೊಬ್ಬರು, ಗದಗ

ಉತ್ತರ: ತಮ್ಮ ಅಣ್ಣನವರು ಇತಿಹಾಸವನ್ನು ನಾಯಿಯ ಕೊರಳಿಗೆ ಕಟ್ಟಿದ್ದಾರೆ. ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ಈ ನಾಯಿಗಳನ್ನು ಸಾಕುತ್ತ ಬಂದ ಸಾಮಾನ್ಯ ಒಕ್ಕಲು ಮನೆಗಳವರು ಜೋಳದ ಹಿಟ್ಟು, ಹಾಲು, ಮೊಟ್ಟೆಗಳನ್ನೂ ಹಾಕುತ್ತಾರೆ. ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ತಳಿಯಿದು. ತೆಳ್ಳನೆಯ ಮೈ, ಒಳಸೇರಿದ ಹೊಟ್ಟೆ, ಕೊನೆಯ ಕೆಲವು ಪಕ್ಕೆಲುಬುಗಳು ಕಾಣುವುದು ಸಹಜ. ಬೆನ್ನುಮೂಳೆ ಚೂಪಾಗಿ ಎದ್ದಿದ್ದರೆ ಅಥವಾ ನಾಯಿ ಮಂಕಾಗಿದ್ದರೆ ಪಶುವೈದ್ಯರಿಗೆ ತೋರಿಸಿ, ಜಂತಿನ ಔಷಧ ಹಾಕಿಸಿದ್ದನ್ನೂ ಅವರಿಗೆ ತಿಳಿಸಿ. ಸರಪಳಿಯಲ್ಲಿ ದಿನವಿಡೀ ನಿಂತ ನಾಯಿ ಧೈರ್ಯಶಾಲಿಯಾಗುವುದಿಲ್ಲ, ಹೆದರುಪುಕ್ಕಲಾಗಿ ಕಚ್ಚಲು ಕಲಿಯುತ್ತದೆ. ಬೆಳಗಿನ ಹೊತ್ತು ಬೇಲಿಯಿರುವ ಬಯಲಿನಲ್ಲಿ ಓಡಲು ಬಿಡಿ. ಬಯಲು ತೆರೆದಿದ್ದರೆ ಉದ್ದನೆಯ ಹಗ್ಗ ಕೈಯಲ್ಲಿರಲಿ, ಏಕೆಂದರೆ ಮೊಲವೊಂದು ಕಂಡರೆ ಅದು ನಿಮ್ಮ ಕೂಗನ್ನು ಕೇಳುವುದಿಲ್ಲ. ಕೂದಲು ಗಿಡ್ಡವಾದ್ದರಿಂದ ಚಳಿಗಾಲದ ರಾತ್ರಿ ಮಲಗಲು ಒಂದು ಗೋಣಿಚೀಲ ಹಾಸಿಕೊಡಿ.